ಗೂಡಿನಲ್ಲಿ ಕೂಡಿಟ್ಟ ಕೂದಲು

ತಲೆಗೆ ಕೂದಲು ನೆಡಿಸಿಕೊಳ್ಳಬೇಕು, ಅದೇ ಈ ಹೇರ್ ಟ್ರಾನ್ಸ್‌ಪ್ಲಾಂಟ್ ಅಂತಾರಲ್ಲ ಅದನ್ನು ಮಾಡಿಸಿಯೇ ಬಿಡಬೇಕು ಎಂದು ನಾನು ನಿರ್ಧರಿಸಿದ್ದು ಚಿಮ್ಮನಚೋಡದ ಒಂದು ಮದುವೆ ಮನೆಯಲ್ಲಿ, ನೆಲದ ಮೇಲೆ ಕುಳಿತಿದ್ದಾಗ.

ನನ್ನ ಕೆಲಸವೇ ತಲೆಯದು. ಮದುಮಗಳಿಗೆ ಜಡೆ ಹಾಕುವುದು, ತುರುಬು ಕಟ್ಟುವುದು, ಹೂ ಮುಡಿಸುವುದು, ಮೇಕಪ್ ಮಾಡುವುದು. ಯಾವ ಕ್ಲಾಸಿಗೂ ಹೋಗಿ ಕಲಿತದ್ದಲ್ಲ. ಪಿಯುಸಿ ಮುಗಿಸಿ ಮನೆಯಲ್ಲಿ ಕುಳಿತಿದ್ದಾಗ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಮೊದಲು ಅವ್ವನ ತಲೆ, ಆಮೇಲೆ ಓಣಿಯ ಹುಡುಗಿಯರ ತಲೆ ಹಾಳು ಮಾಡಿ ಕಲಿತೆ. ಈಗ ಸೇಡಂನಲ್ಲಷ್ಟೇ ಅಲ್ಲ, ಚಿತ್ತಾಪುರ, ಶಹಾಬಾದ, ಚಿಂಚೋಳಿ ಕಡೆಯಿಂದಲೂ ಕರೆಯುತ್ತಾರೆ. ಮದುವೆ ದಿನಗಳು ಬಂದವೆಂದರೆ ಪಿನ್ನು, ಕ್ಲಿಪ್ಪು, ಚೌರಿಗೂದಲು ತುಂಬಿದ ಪೆಟ್ಟಿಗೆ ಹಿಡಿದು ಬಸ್ಸಿನಿಂದ ಬಸ್ಸಿಗೆ ಓಡುತ್ತಿರುತ್ತೇನೆ.

ಆ ದಿನ ಮದುಮಗಳು ಕುರ್ಚಿಯಲ್ಲಿದ್ದಳು. ನಾನು ಅವಳ ಹಿಂದೆ ನೆಲಕ್ಕೆ ಕುಳಿತು ಜಡೆಯ ತುದಿಗೆ ಕುಚ್ಚು ಕಟ್ಟುತ್ತಿದ್ದೆ. ಅವಳ ಸೋದರತ್ತೆ ಚಹಾದ ಕಪ್ಪು ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದರು. ಮೇಲೆ ಟ್ಯೂಬ್‌ಲೈಟು. ಅವರು ಬಗ್ಗಿ ನನ್ನ ತಲೆ ನೋಡಿದರು.

"ಏ ಹುಡುಗಿ, ಇದು ಬೈತಲಿ ಅದನೋ, ಚಿಂಚೋಳಿ ರೋಡ್ ಅದನೋ? ಏನ್ ಅಗಲ ಮಾಡಿ ಬಿಟ್ಯವ್ವ!"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅತ್ತೆ ಅಷ್ಟಕ್ಕೇ ಬಿಡಲಿಲ್ಲ.

"ತಲಿ ಕಟ್ಟಾಕಿ ತಲಿನೇ ಹಿಂಗದ. ನಮ್ಮ ಹುಡುಗೀದು ಒಂದೀಟು ಉಳಸು ಮತ್ತ."

"ಮುಂದಿನ ಸರದಿ ನಿಮ್ಮದೇ ಅದ ಅತ್ತಿ, ಕುಂದ್ರಿ," ಎಂದೆ ನಾನು. "ನಿಮ್ಮದು ಉಳಸ್ತೀನೋ ಇಲ್ಲೋ ನೋಡ್ರಿ."

ಮತ್ತೊಮ್ಮೆ ನಗು. ನಾನೂ ನಕ್ಕೆ. ಅವರೇನೂ ಕೆಟ್ಟವರಲ್ಲ, ಹೊರಡುವಾಗ ಹೋಳಿಗೆ ಕಟ್ಟಿ ಕೊಟ್ಟವರು ಅವರೇ. ಆದರೆ ಸೇಡಂಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿದಾಗ ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸಾಕಾಗಿತ್ತು, ಅಷ್ಟೇ. ಎರಡು ವರ್ಷದಿಂದ ಇಂಥ ಮಾತಿಗೆ ಎಲ್ಲರಿಗಿಂತ ಮೊದಲು ನಾನೇ ನಕ್ಕು ನಕ್ಕು ಸಾಕಾಗಿತ್ತು.

ಶುರುವಾಗಿದ್ದು ಒಂದು ಟೈಫಾಯ್ಡ್ ಜ್ವರದ ನಂತರ. ತಲೆ ತೊಳೆದಾಗ ಬಚ್ಚಲಿನ ಜಾಲರಿಗೆ ಉಂಡೆ ಉಂಡೆ ಕೂದಲು ಕಟ್ಟಿಕೊಳ್ಳುತ್ತಿತ್ತು. ಜ್ವರದ ಕೂದಲು, ಬರುತ್ತವೆ ಬಿಡು ಎಂದರು ಎಲ್ಲರೂ. ಬರಲಿಲ್ಲ. ಈರುಳ್ಳಿ ರಸ ಹಚ್ಚಿದೆ, ಮೆಂತ್ಯ ಅರೆದು ಹಚ್ಚಿದೆ, ದಾಸವಾಳದ ಎಲೆ ಹಚ್ಚಿದೆ. ಪಕ್ಕದ ಮನೆಯ ಖಾಲಾ ಕಲೋಂಜಿ ಎಣ್ಣೆ ಕಾಯಿಸಿ ಬಾಟಲಿಯಲ್ಲಿ ಕೊಟ್ಟರು, ಅದನ್ನೂ ಹಚ್ಚಿದೆ. ತಲೆ ಬೇರೆ ಬೇರೆ ವಾಸನೆ ಹೊಡೆಯಿತೇ ಹೊರತು ಬೈತಲೆ ಕಿರಿದಾಗಲಿಲ್ಲ. ಆಮೇಲೆ ಮುಚ್ಚುವುದನ್ನು ಕಲಿತೆ. ಬೆಳಿಗ್ಗೆ ಎದ್ದು ಕಾಡಿಗೆಯನ್ನು ಬ್ರಷ್ಷಿನಿಂದ ಬೈತಲೆಯ ಎರಡೂ ಬದಿಗೆ ತಿದ್ದುವುದು. ಬೆವರಿದರೆ ಅದು ಹಣೆಗೆ ಇಳಿಯದಂತೆ ಮೇಲೆ ಪೌಡರ್ ಒತ್ತುವುದು. ಮದುವೆ ಮನೆಯಲ್ಲಿ ಮೊದಲು ಲೈಟು ಎಲ್ಲಿದೆ ನೋಡಿ, ಅದರ ಕೆಳಗೆ ನಿಲ್ಲದಿರುವುದು. ಸೇಡಂ ಬಿಸಿಲಿನಲ್ಲಿ ಬೆವರದೆ ಇರುವುದು ಹೇಗೆ ಎಂದು ಯಾವ ವಿಡಿಯೋದಲ್ಲೂ ಹೇಳಿಕೊಡಲಿಲ್ಲ.

ಚಿಮ್ಮನಚೋಡದಿಂದ ಬಂದ ಮೇಲೆ ನಾನು ಜಡೆ ಕಲಿತ ಹಾಗೆಯೇ ಇದನ್ನೂ ಕಲಿಯಲು ಕುಳಿತೆ. ಸಿಕ್ಕಿದ್ದೆಲ್ಲ ನೋಡಿದೆ. ತಲೆಯ ಹಿಂಭಾಗದಿಂದ ಒಂದೊಂದೇ ಕೂದಲನ್ನು ಬೇರು ಸಮೇತ ತೆಗೆದು, ಮುಂದೆ ಸಣ್ಣ ಸಣ್ಣ ರಂಧ್ರ ಮಾಡಿ ನೆಡುತ್ತಾರೆ. ಹಾಗೆ ತೆಗೆದು ನೆಡುವ ಒಂದೊಂದು ಎಳೆಗೆ ಗ್ರಾಫ್ಟ್ ಎನ್ನುತ್ತಾರೆ. ತೆಗೆಯುವ ಜಾಗಕ್ಕೆ ಡೋನರ್ ಎನ್ನುತ್ತಾರೆ. ನೋಡಿದ ವಿಡಿಯೋಗಳಲ್ಲೆಲ್ಲ ಗಂಡಸರೇ. ಗಂಡಸರು ತಲೆ ಬೋಳಿಸಿಕೊಂಡು, ಕೆಂಪು ಚುಕ್ಕೆಗಳ ತಲೆ ತೋರಿಸಿ, ಎಂಟು ತಿಂಗಳ ನಂತರ ಬಾಚಣಿಗೆ ಹಿಡಿದು ನಗುತ್ತಾರೆ. ಹೆಣ್ಣುಮಕ್ಕಳದು ಒಂದೆರಡು ಸಿಕ್ಕವು, ಅವರು ಮುಖ ತೋರಿಸಿರಲಿಲ್ಲ. ಅದನ್ನು ನೋಡಿಯೂ ನನಗೆ ಏಕೆ ಹೀಗೆ ಎಂದು ಹೊಳೆಯಲಿಲ್ಲ. ಹುರುಪಿನಲ್ಲಿದ್ದೆ.

ಹೈದರಾಬಾದಿನ ಒಂದು ಕ್ಲಿನಿಕ್ಕಿಗೆ ಮೂರು ಫೋಟೋ ಕಳಿಸಿದೆ. ಮುಂದಿನದೊಂದು, ಬೈತಲೆಯದೊಂದು, ಬಗ್ಗಿ ತೆಗೆದದ್ದೊಂದು. ಅಲ್ಲಿಯ ಹುಡುಗ ಮರುದಿನವೇ ಫೋನ್ ಮಾಡಿ, ಆಗುತ್ತದೆ ಮೇಡಂ, ಬನ್ನಿ ಎಂದ. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಆಗ ತಲೆ ಮುಚ್ಚಿಕೊಂಡು ಮನೆಯಲ್ಲಿರಬಹುದು ಎಂದು ಲೆಕ್ಕ ಹಾಕಿ ಆಷಾಢದ ಒಂದು ಸೋಮವಾರ ಗೊತ್ತು ಮಾಡಿದೆ. ಬರುವಾಗ ರಕ್ತದ ರಿಪೋರ್ಟು, ಒಬ್ಬ ಚರ್ಮದ ಡಾಕ್ಟರ ಚೀಟಿ ತರಬೇಕು ಎಂದ. ಕಲಬುರಗಿಯಲ್ಲಿ ತೋರಿಸಿದರಾಯಿತು ಎಂದುಕೊಂಡೆ.

ಅವ್ವನಿಗೆ ಹೇಳಿದ್ದು ಒಂದು ಬೆಳಿಗ್ಗೆ, ಅವಳು ನನ್ನ ತಲೆ ಬಾಚುತ್ತಿದ್ದಾಗ. ಊರಿನ ಹೆಣ್ಣುಮಕ್ಕಳ ತಲೆಯೆಲ್ಲ ನಾನು ಕಟ್ಟುತ್ತೇನೆ, ನನ್ನ ತಲೆ ಮಾತ್ರ ಇವತ್ತಿಗೂ ಅವ್ವನೇ ಬಾಚುವುದು. ಹೊಸಿಲಿನ ಬಳಿ ಫರ್ಸಿ ಕಲ್ಲಿನ ಮೇಲೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ಬಿಗಿಯಾಗಿ ಒಂದು ಹೆರಳು.

"ಮೆಣಸಿನಕಾಯಿ ಅಗಿ ಹಚ್ಚಂಗಿಲ್ಲೇನು? ಮಡ್ಯಾಗಿಂದ ಕಿತ್ತು ಹೊಲಕ್ಕ ಹಚ್ಚತಾರಲ್ಲ, ಹಂಗ ಬೇ," ಎಂದೆ. "ಹಿಂದಿಂದ ತಗದು ಮುಂದ ಹಚ್ಚತಾರ."

"ಹಿಂದಿಂದೇ ತಗೀತಾರ?"

"ಹೂಂ. ಹಿಂದ ಗಟ್ಟಿ ಇರ್ತಾವ."

"ಬ್ಯಾರೇದವರದು ಹಚ್ಚಿದ್ರ? ನನ್ನವ ತಗೊಂಡ್ರ?"

"ನಡಿಯಂಗಿಲ್ಲ. ತನ್ನವೇ ಆಗಬೇಕು. ಬ್ಯಾರೇದವರವು ಹಿಡಿಯಂಗಿಲ್ಲ."

ಬಾಚಣಿಗೆ ನನ್ನ ಹಿಂದಲೆಯಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಬಾಚಿತು. ಅವ್ವ ಆಪರೇಷನ್ ಎಂದು ಹೆದರಿದ್ದಾಳೆ ಎಂದುಕೊಂಡು ನಾನು ಇನ್ನಷ್ಟು ಹುರುಪಿನಿಂದ, ನೋವಾಗುವುದಿಲ್ಲ, ಇಂಜೆಕ್ಷನ್ ಕೊಡುತ್ತಾರೆ, ಸಂಜೆಗೆ ಮನೆಗೆ ಬರಬಹುದು ಎಂದೆಲ್ಲ ಹೇಳಿದೆ.

ನಮ್ಮ ಕಡೆ ಬಾಚಿ ಉದುರಿದ ಕೂದಲನ್ನು ಯಾರೂ ಹೊರಗೆ ಎಸೆಯುವುದಿಲ್ಲ. ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ಗೂಡಿಗೆ ತುರುಕುತ್ತಾರೆ. ತಿಂಗಳಿಗೋ ಎರಡು ತಿಂಗಳಿಗೋ ತಲೆಯ ಮೇಲೆ ಬುಟ್ಟಿ ಹೊತ್ತು ಭಾಂಡೆಯವಳು ಬರುತ್ತಾಳೆ. ಕೂದಲು ಕೊಟ್ಟರೆ ಸ್ಟೀಲಿನ ಭಾಂಡೆ ಕೊಡುತ್ತಾಳೆ. ಸ್ವಲ್ಪವಿದ್ದರೆ ಚಮಚ, ಹೆಚ್ಚಿದ್ದರೆ ವಾಟಿ, ಲೋಟ. ಜ್ವರ ಬಂದ ವರ್ಷ ನಮ್ಮ ಮನೆಗೆ ಒಂದು ಡಬ್ಬಿ, ಎರಡು ತಟ್ಟೆ ಬಂದವು. ಆ ತಟ್ಟೆಯಲ್ಲಿ ಉಣ್ಣುವಾಗ ನನಗೆ ಅನ್ನ ಇಳಿಯುತ್ತಿರಲಿಲ್ಲ. ಅವ್ವ ಅದನ್ನು ಗಮನಿಸಿ ನನಗೆ ಹಳೆಯ ತಟ್ಟೆ ಇಡತೊಡಗಿದಳು.

ಅಗಿಯ ಮಾತಾಡಿದ ಮುಂದಿನ ವಾರ ಭಾಂಡೆಯವಳು ಬಂದಳು. ನಾನು ಒಳಗೆ ಪಿನ್ನುಗಳನ್ನು ಒರೆಸಿ ಡಬ್ಬಿಗೆ ಹಾಕುತ್ತಿದ್ದೆ.

"ಇಲ್ಲ ಹೋಗವ್ವ, ಈ ಸಲ ಏನಿಲ್ಲ," ಎಂದಳು ಅವ್ವ.

"ಏನಿಲ್ಲಂದ್ರ ಹ್ಯಾಂಗಕ್ಕಾ? ಗೂಡು ತುಂಬಿ ಇಲ್ಲಿಂದಲೇ ಕಾಣಸ್ತದ. ಬ್ಯಾರೇದಾಕಿಗಿ ಇಟ್ಟೀಯೇನು? ಆಕಿ ಭಾಂಡೆ ತಗಡಿನ ಪತ್ರಾ ಇದ್ದಂಗ ತೆಳ್ಳಗ ಅದಾವ, ನೋಡ್ಕೋ."

"ಯಾರಿಗೂ ಇಟ್ಟಿಲ್ಲ. ನಮಗ ಬೇಕಾಗ್ಯಾವ."

"ಉದುರಿದ್ದು ತಗೊಂಡು ಏನ್ ಮಾಡ್ತಿ? ಉಪ್ಪಿನಕಾಯಿ ಹಾಕ್ತಿ?"

ಅವ್ವ ನಕ್ಕು ಕಳಿಸಿದಳು. ಮಗಳ ಕೂದಲು ಉದುರುವುದು ಓಣಿಗೆ ಗೊತ್ತಾಗಬಾರದೆಂದು ಕೊಡಲಿಲ್ಲವೇನೋ ಎಂದು ನಾನು ತಿಳಿದೆ. ಕೇಳಲಿಲ್ಲ. ಆ ದಿನಗಳಲ್ಲಿ ನಾನು ಕೂದಲ ವಿಷಯ ಮೊಬೈಲಿನ ಜೊತೆ ಬಿಟ್ಟು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ.

ಕಲಬುರಗಿಗೆ ಹೊರಟದ್ದು ಒಂದು ಬುಧವಾರ. ಸೇಡಂನಿಂದ ಬೆಳಗಿನ ರೈಲುಗಾಡಿ. ಚಿತ್ತಾಪುರ ದಾಟಿ, ವಾಡಿಯಲ್ಲಿ ಇಳಿದು ಬೇರೆ ಗಾಡಿ ಹಿಡಿದೆವು. ಅವ್ವನ ಹತ್ತಿರ ಎರಡು ಚೀಲವಿದ್ದವು. ಒಂದರಲ್ಲಿ ರೊಟ್ಟಿ, ಶೇಂಗಾ ಹಿಂಡಿ. ಇನ್ನೊಂದು ಬಟ್ಟೆಯಂಗಡಿಯ ಕೈಚೀಲ, ಬಾಯಿಗೆ ದಾರ ಕಟ್ಟಿದ್ದು. ಅದನ್ನು ಮೇಲೆ ಇಡುತ್ತೇನೆ ಕೊಡು ಎಂದರೂ ಕೊಡಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಳು.

"ಏನದ ಅದರಾಗ?"

"ಇರಲಿ. ಡಾಕ್ಟರ್ ಕೇಳಿದ್ರ ಬೇಕಾಗ್ತದ."

ರಿಪೋರ್ಟು, ಹಳೆಯ ಚೀಟಿ ಇರಬೇಕು ಎಂದುಕೊಂಡೆ. ಶಹಾಬಾದ ಬರುವಷ್ಟರಲ್ಲಿ ನನಗೆ ನಿದ್ದೆ ಹತ್ತಿತ್ತು.

ಡಾಕ್ಟರ್ ಹೆಣ್ಣುಮಗಳು, ನಲವತ್ತು ದಾಟಿರಬಹುದು. ರಕ್ತದ ರಿಪೋರ್ಟು ನೋಡಿ, ಕಬ್ಬಿಣದ ಅಂಶ ಭಾಳ ಕಡಿಮೆ ಇದೆ, ಮುಟ್ಟು ಹೇಗಾಗುತ್ತದೆ, ಊಟ ಸರಿಯಾಗಿ ಮಾಡುತ್ತೀಯಾ ಎಂದು ಕೇಳಿದರು. ಮದುವೆ ದಿನಗಳಲ್ಲಿ ಊಟ ಎಲ್ಲಿಯದು, ನಾಲ್ಕು ಗಂಟೆಗೆ ಎದ್ದು ಹೋಗುವುದು, ಚಹಾದ ಮೇಲೆ ನಡೆಯುವುದು ಎಂದೆ. ಆಮೇಲೆ ನಾನು ಕಲಿತದ್ದನ್ನೆಲ್ಲ ಒಪ್ಪಿಸಿದೆ. ಎಷ್ಟು ಗ್ರಾಫ್ಟ್ ಬೇಕಾಗಬಹುದು, ಹಿಂದೆ ಒಂದು ಪಟ್ಟಿಯಷ್ಟು ಮಾತ್ರ ಬೋಳಿಸಿದರೆ ಸಾಕು, ಮೇಲಿನ ಕೂದಲು ಇಳಿಬಿಟ್ಟರೆ ಕಾಣುವುದಿಲ್ಲ, ಆಷಾಢದಲ್ಲಿ ತಾರೀಖೂ ಗೊತ್ತಾಗಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಪೂರ್ತಿ ಕೇಳಿಸಿಕೊಂಡರು.

"ಭಾಳ ಓದ್ಕೊಂಡು ಬಂದೀ. ತಿರುಗಿ ಕುಂದ್ರು ನೋಡೋಣ."

ಪೆನ್ನಿನಂಥ ಸಣ್ಣ ಕ್ಯಾಮೆರಾ ತಲೆಗೆ ಒತ್ತಿದರು. ಬೈತಲೆಯಲ್ಲಿ, ಕಿವಿಯ ಮೇಲೆ, ಆಮೇಲೆ ಹಿಂದಲೆಯಲ್ಲಿ. ಹಿಂದಲೆಯಲ್ಲಿ ಭಾಳ ಹೊತ್ತು ಒತ್ತಿದರು. ಅವ್ವ ಕೈಚೀಲದ ದಾರ ಬಿಚ್ಚುವ ಸದ್ದು ಕೇಳುತ್ತಿತ್ತು.

"ನೋಡವ್ವ," ಎಂದರು ಡಾಕ್ಟರು, "ಗಂಡಸರಿಗೆ ಮುಂದ ಹೋದ್ರೂ ಹಿಂದ ಗಟ್ಟಿ ಉಳೀತದ. ಅದಕ್ಕ ಅವರಿಗೆ ಹಿಂದಿಂದ ತಗದು ಮುಂದ ಹಚ್ಚಲಿಕ್ಕ ಬರ್ತದ. ನಿನಗ ಹಂಗಿಲ್ಲ. ಹಿಂದೂ ಅಷ್ಟೇ ತೆಳ್ಳಗಾಗ್ಯಾದ. ಅಲ್ಲಿಂದ ತಗದ್ರ ಅಲ್ಲಿ ಮತ್ತ ಬರಂಗಿಲ್ಲ, ಖಾಲಿ ಉಳೀತದ. ಇಲ್ಲಿ ಹಚ್ಚಿದ್ದೂ ನಿಲ್ತದಂತ ಗ್ಯಾರಂಟಿ ಇಲ್ಲ. ನಾ ಅಂತೂ ಚೀಟಿ ಕೊಡಂಗಿಲ್ಲ."

ನಾನು ಏನಾದರೂ ಹೇಳುವ ಮೊದಲೇ ಅವ್ವ ಎದ್ದು ಮೇಜಿನ ಮೇಲೆ ಚೀಲ ಇಟ್ಟಳು.

"ಹಿಂದ ಇಲ್ಲಂದ್ರ ಇರ್ಲಿ ಮೇಡಂರಿ, ಇವು ತಂದೀನಿ. ಎಲ್ಲಾ ಆಕೀವೇ ಅದಾವ. ನನ್ನದು ಒಂದೂ ಕೂಡಿಲ್ಲ, ನನ್ನವ ಬ್ಯಾರೇ ಕಡಿ ಇಟ್ಟೀನಿ. ಇವನೇ ಹಚ್ರಿ."

ಚೀಲದ ತುಂಬ ನನ್ನ ಕೂದಲು. ಬೆರಳಿಗೆ ಸುತ್ತಿ ಮಾಡಿದ ಉಂಡೆಗಳಾಗಿ ಅಲ್ಲ. ಅವ್ವ ಕುಳಿತು ಒಂದೊಂದೇ ಉಂಡೆ ಬಿಡಿಸಿ, ಸಿಕ್ಕು ತೆಗೆದು, ತೊಳೆದು, ಸಣ್ಣ ಸಣ್ಣ ಹಿಡಿಗಳಾಗಿ ಮಾಡಿ ಪ್ರತಿ ಹಿಡಿಗೂ ಬಿಳಿ ನೂಲು ಕಟ್ಟಿದ್ದಳು. ನಾಟಿಗೆ ತಂದ ಅಗಿಯ ಕಟ್ಟುಗಳ ಹಾಗೆ.

ಬಾಗಿಲ ಬಳಿಯ ನರ್ಸು ಬಾಯಿಗೆ ಕೈ ಅಡ್ಡ ಹಿಡಿದಳು. ಡಾಕ್ಟರ್ ನಗಲಿಲ್ಲ. ಒಂದು ಹಿಡಿ ಎತ್ತಿ, ನೂಲು ಬಿಚ್ಚದೆ, ಬೆಳಕಿಗೆ ಹಿಡಿದು ನೋಡಿದರು.

"ಎಷ್ಟು ಚಂದ ಇಟ್ಟೀರಿ ಅಮ್ಮಾರ," ಎಂದರು. "ಆದ್ರ ಇವಕ್ಕ ಜೀವ ಇರೋ ಬೇರು ಇಲ್ರಿ. ಇವು ಅಗಿ ಅಲ್ಲ, ಕಣಿಕಿ. ಒಣಗಿದ ಕಣಿಕಿ ನೆಟ್ರ ಜ್ವಾಳ ಬರ್ತದೇನ್ರಿ?"

"ಇಲ್ಲ," ಎಂದಳು ಅವ್ವ ಮೆಲ್ಲಗೆ. ಹೊಲ ಮಾಡಿದ ಮನೆಯಿಂದ ಬಂದವಳು, ಆ ಮಾತು ಅವಳಿಗೆ ಥಟ್ಟನೆ ತಿಳಿಯಿತು. ಒಂದೊಂದೇ ಹಿಡಿಯನ್ನು ಮತ್ತೆ ಚೀಲಕ್ಕೆ ಹಾಕತೊಡಗಿದಳು.

ನನಗೆ ನಾಚಿಕೆಯಾಗಿ ಸಿಟ್ಟು ಬಂತು. "ಇದನ್ನ ತರ್ಲಿಕ್ಕ ನಿನಗ ಯಾರ್ ಹೇಳಿದ್ರು ಬೇ?"

"ನೀನೇ ಹೇಳಿದ್ದಿ. ತನ್ನವೇ ಆಗಬೇಕು ಅಂದಿದ್ದಿ."

"ಹಿಂದಿಂದ ತಗೀತಾರ ಅಂತನೂ ಹೇಳಿದ್ನಲ್ಲ!"

"ಹಿಂದ ಎಲ್ಲಿ ಅದಾವ ಯವ್ವಾ?" ಎಂದಳು ಅವ್ವ.

ಡಾಕ್ಟರ್ ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿದರು. ಹೌದಲ್ಲ, ನನ್ನ ಹಿಂದಲೆ ನಾನು ಯಾವತ್ತು ನೋಡಿದ್ದೆ? ಹೈದರಾಬಾದಿಗೆ ಕಳಿಸಿದ ಮೂರು ಫೋಟೋದಲ್ಲಿ ಹಿಂದಿನದು ಒಂದೂ ಇರಲಿಲ್ಲ. ದಿನಾ ನೋಡುತ್ತಿದ್ದವಳು ಅವ್ವ ಒಬ್ಬಳೇ.

ಕಬ್ಬಿಣದ ಗುಳಿಗೆ, ರಾತ್ರಿ ಹಚ್ಚುವ ಒಂದು ಲೋಷನ್ನು ಬರೆದುಕೊಟ್ಟರು. ಒಂದು ವರ್ಷ ಬಿಡದೆ ಹಚ್ಚಬೇಕು, ಮೊದಲು ಇನ್ನೊಂದಿಷ್ಟು ಉದುರಬಹುದು, ಹೆದರಬೇಡ ಎಂದರು. "ಪೂರಾ ಬರ್ತಾವಂತ ಸುಳ್ಳು ಹೇಳಂಗಿಲ್ಲ. ಇದ್ದದ್ದು ಉಳದ್ರೂ ಛಲೋ ಅಂತ ತಿಳ್ಕೋ."

ವಾಡಿಯಲ್ಲಿ ಸೇಡಂ ಗಾಡಿಗೆ ಕಾಯಬೇಕಿತ್ತು. ಮಧ್ಯಾಹ್ನದ ಬಿಸಿಲು. ಪ್ಲಾಟ್‌ಫಾರ್ಮಿನ ಕಲ್ಲುಬೆಂಚು ಕಾದಿತ್ತು, ಅವ್ವ ಸೆರಗು ಮಡಿಸಿ ಹಾಸಿ ಕುಳಿತಳು. ಎದುರಿಗೆ ಗೂಡ್ಸ್ ಗಾಡಿಯೊಂದು ಸುಮ್ಮನೆ ನಿಂತಿತ್ತು. ರೊಟ್ಟಿ ಬಿಚ್ಚಿದರೂ ಇಬ್ಬರೂ ಒಂದೊಂದು ತುತ್ತಿಗೆ ಬಿಟ್ಟೆವು. ನಾನು ಹೆರಳು ಬಿಚ್ಚಿ, ಮೊಬೈಲ್ ಅವಳ ಕೈಗೆ ಕೊಟ್ಟು ತಿರುಗಿ ಕುಳಿತೆ.

"ಹಿಂದಿಂದು ಫೋಟೋ ತಗಿ."

ಮೊದಲನೆಯದರಲ್ಲಿ ಅವಳ ಹೆಬ್ಬೆರಳು ಬಂತು. ಎರಡನೆಯದರಲ್ಲಿ ಕಂಬ. ಮೂರನೆಯದರಲ್ಲಿ ನನ್ನ ತಲೆ. ಬಿಸಿಲಿಗೆ ಚರ್ಮ ಹೊಳೆಯುತ್ತಿತ್ತು. ನೂರಾರು ತಲೆ ನೋಡಿದ ಕಣ್ಣಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಂಥ ತಲೆ ಮದುಮಗಳದಾಗಿದ್ದರೆ ನಾನು ಮೆಲ್ಲಗೆ, ಅಕ್ಕಾ, ಚೌರಿ ಎರಡು ಹಾಕೋಣ ಅನ್ನುತ್ತಿದ್ದೆ.

"ಯಾವಾಗಿಂದ ಹಿಂಗದ?"

"ಹೋದ ದಸರಾದಿಂದ."

"ಹೇಳಬೇಕಿಲ್ಲೇನು?"

"ಹೇಳಿದ್ರ ಏನ್ ಮಾಡ್ತಿದ್ದಿ? ಹಿಂದಕ್ಕೂ ಕಾಡಿಗಿ ಹಚ್ಕೋತಿದ್ದಿ."

ನಗು ಬಂತು. ಆ ದಿನ ಮೊದಲ ಸಲ. ಅವಳೂ ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ತಿರುಗು ಇತ್ತ, ಗಾಳಿಗೆ ಹಾರ್ಲಿಕತ್ತಾವ ಎಂದು ಅಲ್ಲೇ ಹೆರಳು ಹಾಕಿದಳು. ಯಾವತ್ತಿನಷ್ಟು ಬಿಗಿಯಾಗಿ ಹಾಕಲಿಲ್ಲ.

ಗಾಡಿ ಚಿತ್ತಾಪುರ ಬಿಟ್ಟಾಗ ಹೈದರಾಬಾದಿನ ಹುಡುಗನ ಫೋನು ಬಂತು. ಆಷಾಢದ ಸೋಮವಾರ ಗಟ್ಟಿ ಮಾಡಲೇ ಎಂದು ಕೇಳಿದ. ಡಾಕ್ಟರ್ ಹೀಗೆ ಹೇಳಿದರು ಎಂದೆ. "ಅವರು ಹಾಗೇ ಅಂತಾರೆ ಮೇಡಂ. ನೀವು ಬನ್ನಿ, ನಮ್ಮಲ್ಲಿ ಮಾಡೋಣ, ಏನೂ ತೊಂದರೆ ಇಲ್ಲ," ಎಂದ.

ನಿಜ ಹೇಳಬೇಕೆಂದರೆ ಆಗಲೂ ಹೂಂ ಎನ್ನಬೇಕೆನಿಸಿತು. ಆ ಹುಡುಗನ ದನಿಯಲ್ಲಿ ದಣಿವೇ ಇರಲಿಲ್ಲ. ಆಗುತ್ತದೆ ಎಂದು ಹೇಳುವ ಒಬ್ಬನಾದರೂ ಇದ್ದಾನಲ್ಲ ಎನಿಸಿತು. ಅವ್ವ ಎದುರಿನ ಸೀಟಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದಳು. ಅವಳ ಬಲಗೈ ಬೆರಳುಗಳಲ್ಲಿ ಇನ್ನೂ ಎಣ್ಣೆಯ ಜಿಡ್ಡಿತ್ತು. ಹಿಂದೆ ತೆಗೆದ ಜಾಗ ಖಾಲಿಯೇ ಉಳಿಯುತ್ತದೆ ಎಂದಿದ್ದರು ಡಾಕ್ಟರು. ಅದನ್ನು ನಾನು ನೋಡುವುದಿಲ್ಲ. ನಾನು ಕನ್ನಡಿಯಲ್ಲಿ ಮುಂದಿನದು ನೋಡಿ ಖುಷಿಯಾಗಿರಬಹುದು. ದಿನಾ ಬೆಳಿಗ್ಗೆ ಹೊಸಿಲಿನ ಬಳಿ ಕುಳಿತು ಆ ಖಾಲಿ ಜಾಗದ ಮೇಲೆ ಬಾಚಣಿಗೆ ಎಳೆಯಬೇಕಾದವಳು ಇವಳು, ಮತ್ತೆ ಏನೂ ಹೇಳದೆ.

"ಬರಂಗಿಲ್ರಿ," ಎಂದೆ. "ಆ ಸೋಮವಾರ ಬ್ಯಾರೇದವರಿಗೆ ಕೊಡ್ರಿ."

ಫೋನು ಇಟ್ಟ ಮೇಲೆ ಹಗುರವೇನೂ ಆಗಲಿಲ್ಲ. ನಿದ್ದೆ ಬಂತು. ಸೇಡಂ ಬಂದಾಗ ಅವ್ವನೇ ಎಬ್ಬಿಸಿದಳು.

ಲೋಷನ್ನು ಹಚ್ಚತೊಡಗಿ ನಾಲ್ಕು ತಿಂಗಳಾಯಿತು. ಡಾಕ್ಟರ್ ಹೇಳಿದಂತೆ ಮೊದಲು ಇನ್ನಷ್ಟು ಉದುರಿತು. ಈಗ ಕಡಿಮೆಯಾಗಿದೆ ಎನ್ನುತ್ತಾಳೆ ಅವ್ವ. ಸಮಾಧಾನಕ್ಕೆ ಹೇಳುತ್ತಾಳೋ ಏನೋ ಎಂದು ತಿಂಗಳಿಗೊಮ್ಮೆ ಅವಳ ಕೈಯಿಂದಲೇ ಫೋಟೋ ತೆಗೆಸುತ್ತೇನೆ. ಹೆಬ್ಬೆರಳು ಬರುವುದು ನಿಂತಿದೆ. ಕಾಡಿಗೆ ತಿದ್ದುವುದನ್ನು ಬಿಟ್ಟಿದ್ದೇನೆ. ಧೈರ್ಯ ಬಂದು ಬಿಟ್ಟದ್ದಲ್ಲ, ಬೆಳಿಗ್ಗೆ ಆ ಅರ್ಧ ತಾಸು ಮಲಗಿದರೆ ಸಾಕು ಅನಿಸಿ ಬಿಟ್ಟದ್ದು. ಮದುವೆ ಮನೆಗಳಲ್ಲಿ ಮಾತುಗಳು ಬರುತ್ತವೆ. ಮೊನ್ನೆ ದಂಡೋತಿಯಲ್ಲಿ ಒಬ್ಬ ಅಜ್ಜಿ, "ಇಷ್ಟ್ ಸಣ್ಣಾಕಿ, ಹಿಂಗ್ಯಾಕ ತಂಗಿ?" ಎಂದಳು. "ಉದುರ್ಲಿಕತ್ತಾವಜ್ಜಿ, ಔಷಧ ನಡದದ," ಎಂದೆ. ನಗಲಿಲ್ಲ. ಅಜ್ಜಿಯೂ ಮುಂದೆ ಕೇಳಲಿಲ್ಲ, ತನ್ನ ಮೊಮ್ಮಗಳ ಕೂದಲೂ ಹೀಗೇ ಎಂದು ಮೆಲ್ಲಗೆ ಹೇಳಿ ಆಕೆಯನ್ನು ಕರೆದುಕೊಂಡು ಬಂದಳು.

ಭಾಂಡೆಯವಳು ಈ ವಾರ ಬಂದಿದ್ದಳು. ಅವ್ವ ಒಳಗೆ ಬಂದು ನನ್ನ ಮುಖ ನೋಡಿದಳು.

"ಕೊಟ್ಟು ಬಿಡು," ಎಂದೆ.

ಕೈಚೀಲ ಬಿಚ್ಚಿದ ಭಾಂಡೆಯವಳು ಬೆರಗಾದಳು. "ಏನಕ್ಕಾ, ಕಟ್ಟು ಕಟ್ಟಿ ಇಟ್ಟೀ! ನನಗ ಇಷ್ಟು ಮಾನ ಯಾರೂ ಕೊಟ್ಟಿಲ್ಲ."

"ನಿನಗಲ್ಲ ಬಿಡು. ಛಲೋ ಭಾಂಡೆ ತಗಿ, ಪತ್ರಾ ಕೊಡಬ್ಯಾಡ."

ನಾನೇ ಹೊರಗೆ ಹೋಗಿ ಬುಟ್ಟಿಯಲ್ಲಿ ಕೈ ಹಾಕಿ, ಮುಚ್ಚಳವಿರುವ ಒಂದು ದಪ್ಪ ಡಬ್ಬಿ ಆರಿಸಿದೆ. ಮದುವೆ ಮನೆಗೆ ಹೋಗುವಾಗ ಬುತ್ತಿ ಒಯ್ಯಲು. ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದು ಚೀಟಿಯಲ್ಲಿ ಬರೆದಿದೆ.

ನಾನು ಡಬ್ಬಿ ತೊಳೆಯಲು ಬಚ್ಚಲಿಗೆ ಹೋದೆ. ತಿರುಗಿ ಬರುವಾಗ ಅವ್ವ ಗೂಡಿನ ಮುಂದೆ ನಿಂತಿದ್ದಳು. ಬಿಳಿ ನೂಲು ಕಟ್ಟಿದ ಒಂದು ಹಿಡಿಯನ್ನು ಚೀಲದಿಂದ ಮೊದಲೇ ತೆಗೆದಿಟ್ಟುಕೊಂಡಿದ್ದಳು. ಅದನ್ನು ಗೂಡಿನ ಒಳಗೆ, ಕೈ ಹೋಗುವಷ್ಟು ಆಳಕ್ಕೆ, ತಳ್ಳುತ್ತಿದ್ದಳು. ನಾನು ನೋಡಿದ್ದನ್ನು ಅವಳು ನೋಡಲಿಲ್ಲ. ಡಬ್ಬಿಯನ್ನು ಮಗುಚಿ ಹಾಕಿ, ಬಾಚಣಿಗೆ ತಂದು, ಹೊಸಿಲಿನ ಬಳಿ ಬೆನ್ನು ಮಾಡಿ ಕುಳಿತೆ.